ಹಾಡಿಲ್ಲದ ಸಿನಿಮಾ ವಾರ

ಈ ವಾರಕ್ಕೆ ನಾನೇ ಹಾಕಿಕೊಂಡ ನಿಯಮ ಒಂದೇ. ಹಾಡಿಲ್ಲದ ಕನ್ನಡ ಸಿನಿಮಾ ಮಾತ್ರ ನೋಡಬೇಕು. ಹೋದ ತಿಂಗಳು ಪುಟ್ಟಣ್ಣ ಕಣಗಾಲರ ಚಿತ್ರಗಳನ್ನು ಸಾಲಾಗಿ ನೋಡಿದ್ದೆ, ಅಲ್ಲಿ ಹಾಡಿನದೇ ದರ್ಬಾರು, ಸ್ನಾನಕ್ಕೆ ಹೋದರೂ ಬಾಯಲ್ಲಿ ಅವೇ ಹಾಡು. ಈ ಸಲ ಉಲ್ಟಾ ಹೋಗಿ ನೋಡೋಣ ಅಂತ.

ಹುಡುಕೋಕೆ ಕೂತಾಗ ಗೊತ್ತಾಗಿದ್ದು, ನಮ್ಮಲ್ಲಿ ಇಂಥ ಸಿನಿಮಾ ಎಷ್ಟು ಕಮ್ಮಿ ಅಂತ. ಅದಕ್ಕೆ ಕಾರಣವೂ ಇದೆ. 1934ರಲ್ಲಿ 'ಸತಿ ಸುಲೋಚನ' ಬಂದಾಗ ಕನ್ನಡ ಸಿನಿಮಾಕ್ಕೆ ಮಾತು ಬಂದಿತು, ಮಾತಿನ ಜೊತೆಗೇ ಹಾಡೂ ಬಂದಿತು. ತೆರೆಯ ಮೇಲೆ ಇದ್ದವರು ಕಂಪನಿ ನಾಟಕದಲ್ಲಿ ಪಳಗಿದವರು. ಅವರು ಹಾಡದೆ ಇರ್ತಾರಾ? ಆ ಸಿನಿಮಾದ ಪ್ರಿಂಟೇ ಉಳಿದಿಲ್ಲ, ಇದ್ದಿದ್ದರೆ ಈ ವಾರಕ್ಕೆ ವಿರೋಧ ಪಕ್ಷವಾಗಿ ಅದನ್ನೇ ಮೊದಲು ಹಾಕಿಕೊಳ್ಳುತ್ತಿದ್ದೆ.

ಸೋಮವಾರ 'ಆಕ್ಸಿಡೆಂಟ್'. ಶಂಕರ್ ನಾಗ್ ನಿರ್ದೇಶನ, 1985. ಅಮಲಿನಲ್ಲಿ ಕಾರು ಓಡಿಸುವ ಹುಡುಗರು ಫುಟ್‌ಪಾತಿನ ಮೇಲೆ ಮಲಗಿದ್ದವರ ಮೇಲೆ ಹತ್ತಿಸಿಬಿಡುತ್ತಾರೆ. ಅವರಲ್ಲೊಬ್ಬ ರಾಜಕಾರಣಿಯ ಮಗ, ಎದುರಿಗೆ ಚುನಾವಣೆ ಬೇರೆ. ಆಮೇಲೆ ನಡೆಯುವುದೆಲ್ಲ ಮುಚ್ಚಿಹಾಕುವ ಕೆಲಸ. ನಲವತ್ತು ವರ್ಷ ಹಳೆಯ ಸಿನಿಮಾ ಅಂತ ಅನ್ನಿಸುವುದೇ ಇಲ್ಲ, ನಾಳೆ ಬೆಳಿಗ್ಗೆ ಪೇಪರ್ ತೆಗೆದರೆ ಇದೇ ಸುದ್ದಿ ಇರಬಹುದು. ನನಗೆ ಜಾಸ್ತಿ ಕುತೂಹಲ ಹುಟ್ಟಿಸಿದ್ದು ಬೇರೆ. ಇದಕ್ಕೆ ಸಂಗೀತ ಕೊಟ್ಟಿದ್ದು ಇಳಯರಾಜ. ಇದೇ ಶಂಕರ್ ನಾಗ್, ಇದೇ ಇಳಯರಾಜ ಸೇರಿ 1981ರಲ್ಲಿ 'ಗೀತಾ' ಮಾಡಿದ್ದರು, ಅದರ ಹಾಡು ಇವತ್ತಿಗೂ ಆಟೋದಲ್ಲಿ, ಆರ್ಕೆಸ್ಟ್ರಾದಲ್ಲಿ, ಮದುವೆ ಮನೆಯಲ್ಲಿ ಕೇಳುತ್ತೆ. ಅಂಥ ಸಂಗೀತ ನಿರ್ದೇಶಕರನ್ನು ಕರೆಸಿಕೊಂಡು ಒಂದೂ ಹಾಡು ಬೇಡ ಅಂತ ಹೇಳೋಕೆ ಧೈರ್ಯ ಬೇಕು ಸ್ವಾಮಿ. ಅನಂತ್ ನಾಗ್ ಅವರ ರಾಜಕಾರಣಿ ಧರ್ಮಾಧಿಕಾರಿಯನ್ನು ನೋಡೋಕೆ ಅಂತಲೇ ಇನ್ನೊಂದು ಸಲ ಕೂರಬಹುದು. ತಕರಾರು ಅಂದರೆ, ಶ್ರೀಮಂತರ ಮಕ್ಕಳ ಪಾರ್ಟಿ ದೃಶ್ಯಗಳು ಈಗ ಸ್ವಲ್ಪ ನಾಟಕದ ಹಾಗೆ ಕಾಣುತ್ತವೆ. ಅಷ್ಟೇ.

ಮಂಗಳವಾರ ಕರೆಂಟು ಕೈಕೊಟ್ಟಿತು. ಸುಮ್ನೆ ಮಲಗಿದೆ.

ಬುಧವಾರ 'ಪುಷ್ಪಕ ವಿಮಾನ'. ಸಿಂಗೀತಂ ಶ್ರೀನಿವಾಸರಾವ್, 1987. ಇದರಲ್ಲಿ ಹಾಡು ಬಿಡಿ, ಮಾತೇ ಇಲ್ಲ. ಅಮ್ಮ ಅಡುಗೆಮನೆಯಿಂದ ಒಂದು ಸಲ ಇಣುಕಿ "ಸೌಂಡ್ ಆಫ್ ಮಾಡಿ ಏನ್ ನೋಡ್ತಿದ್ದೀಯೋ" ಅಂದರು, ಆಮೇಲೆ ಹುರುಳಿಕಾಯಿ ಬುಟ್ಟಿ ತಂದು ಅಲ್ಲೇ ಕೂತರು, ಕೊನೆವರೆಗೂ ಏಳಲಿಲ್ಲ. ಮಾತಿಲ್ಲ ಅಂದ ಮಾತ್ರಕ್ಕೆ ಸದ್ದಿಲ್ಲ ಅಂತಲ್ಲ. ಕಮಲ್ ಹಾಸನ್ ಪಾತ್ರ ಒಬ್ಬ ಕೆಲಸವಿಲ್ಲದ ಹುಡುಗ, ಥಿಯೇಟರಿಗೆ ಅಂಟಿಕೊಂಡಿರುವ ಒಂದು ಕೊಠಡಿಯಲ್ಲಿ ವಾಸ. ದಿನಾ ರಾತ್ರಿ ಸಿನಿಮಾದ ಫೈಟಿಂಗ್ ಸದ್ದು ಕೇಳಿಕೊಂಡೇ ನಿದ್ದೆ. ಕುಡಿದು ರಸ್ತೆಯಲ್ಲಿ ಬಿದ್ದಿದ್ದ ಕೋಟ್ಯಧೀಶನನ್ನು ಕೂಡಿಹಾಕಿ, ಅವನ ಜಾಗದಲ್ಲಿ ಐಷಾರಾಮಿ ಹೋಟೆಲಿಗೆ ಬಂದು ಮಲಗುತ್ತಾನೆ. ಮೆತ್ತನೆ ಹಾಸಿಗೆ, ನಿಶ್ಶಬ್ದ, ನಿದ್ದೆಯೇ ಬರಲ್ಲ! ಕೊನೆಗೆ ಆ ಹಳೇ ಗಲಾಟೆಯನ್ನು ರೆಕಾರ್ಡ್ ಮಾಡಿಕೊಂಡು ಬಂದು ಹಾಕಿಕೊಂಡ ಮೇಲೆ ನಿದ್ದೆ. ಬಡತನ ಅಂದರೆ ಏನು, ಅಭ್ಯಾಸ ಅಂದರೆ ಏನು ಅಂತ ಒಂದು ಪುಟ ಡೈಲಾಗ್ ಬರೆಯುವ ಕಡೆ ಇವರು ಒಂದು ಟೇಪ್ ರೆಕಾರ್ಡರ್ ಇಟ್ಟು ಮುಗಿಸಿದ್ದಾರೆ. ಬಾಡಿಗೆ ಕೊಲೆಗಾರನಾಗಿ ಟಿನ್ನು ಆನಂದ್ ಹಿಡಿದು ಓಡಾಡುವ ಮಂಜುಗಡ್ಡೆಯ ಚಾಕು ಇನ್ನೊಂದು. ಕೊಲ್ಲುವ ಹೊತ್ತಿಗೆ ಅದು ಕರಗಿರುತ್ತೆ. ಅಮ್ಮ ಇಲ್ಲಿ ನಕ್ಕಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು. ಚಿತ್ರೀಕರಣ ಬೆಂಗಳೂರಿನಲ್ಲೇ ಆಗಿದ್ದು, ಆ ಖಾಲಿ ಖಾಲಿ ರಸ್ತೆ ನೋಡಿದರೆ ಹೊಟ್ಟೆ ಉರಿಯುತ್ತೆ.

ಗುರುವಾರ 'ತಿಥಿ'. ಮೊದಲೇ ನೋಡಿದ್ದೆ, ಈ ಸಲ ಕಿವಿ ಕೊಟ್ಟು ನೋಡಿದೆ. ರಾಮ್ ರೆಡ್ಡಿ ನಿರ್ದೇಶನ, ಈರೇಗೌಡರ ಬರವಣಿಗೆ, ಮಂಡ್ಯ ಜಿಲ್ಲೆಯ ನೊದೆಕೊಪ್ಪಲು, ಕ್ಯಾಮೆರಾ ಮುಂದೆ ನಿಂತವರು ಹಳ್ಳಿಯ ಜನ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು, ಮುಂದಿನ ವರ್ಷ ಇಲ್ಲಿ ಬಿಡುಗಡೆಯಾಯಿತು. ಶುರುವಿನಲ್ಲೇ ಸೆಂಚುರಿ ಗೌಡ ರಸ್ತೆ ಬದಿ ಕೂತು ಹೋಗೋ ಬರೋರಿಗೆಲ್ಲ ಬೈಯುತ್ತಾನೆ, ಆಮೇಲೆ ಎದ್ದವನು ಅಲ್ಲೇ ಬಿದ್ದು ಸಾಯುತ್ತಾನೆ. ನೂರೊಂದು ವರ್ಷದ ಮುದುಕ ಸತ್ತಾಗ ಪಿಟೀಲು ಕುಯ್ಯಬಹುದಿತ್ತು, ಇಲ್ಲಿ ಹಿನ್ನೆಲೆಯಲ್ಲಿ ಸಂಗೀತವೇ ಇಲ್ಲ. ಅಳು ಬರಬೇಕಾ ನಗು ಬರಬೇಕಾ ಅಂತ ನಮಗೇ ಬಿಟ್ಟಿದ್ದಾರೆ, ನನಗೆ ನಗು ಬಂತು. ಮೊಮ್ಮಗ ತಮ್ಮಣ್ಣ ಜಮೀನು ಮಾರಬೇಕು ಅಂತ ಒದ್ದಾಡುತ್ತಿದ್ದರೆ ಅವನ ಅಪ್ಪ ಗಡ್ಡಪ್ಪ ಟೈಗರ್ ಬ್ರಾಂಡಿ ಹಿಡಿದು ಹೊಲದ ಬದುವಿನ ಮೇಲೆ ಹೋಗುತ್ತಲೇ ಇರುತ್ತಾನೆ. ಆಸ್ತಿಗೆ ಅಂತ ಬದುಕಿರುವ ಅಪ್ಪನನ್ನೇ ಕಾಗದದ ಮೇಲೆ ಸಾಯಿಸೋಕೆ ಹೊರಡುವುದು ಮಂಡ್ಯ ಕಡೆ ಮಾತಿನಲ್ಲಿ ಎಷ್ಟು ಸಹಜವಾಗಿ ನಡೆಯುತ್ತೆ ಅಂದರೆ, ನಮ್ಮ ಸಂಬಂಧಿಕರಲ್ಲೇ ಒಬ್ಬಿಬ್ಬರು ಕಣ್ಣ ಮುಂದೆ ಬಂದರು. ಹೆಸರು ಬೇಡ. ಆದರೆ ಕುರಿ ಕಾಯುವವರ ಬೆಂಕಿ ಮುಂದೆ ಕೂತು ಗಡ್ಡಪ್ಪ ತನ್ನ ಕಥೆ ಹೇಳಿಕೊಳ್ಳುವಾಗ ಮಾತ್ರ ನಗು ನಿಂತಿತು. ಈ ವಾರದಲ್ಲಿ ಒಂದೇ ಸಿನಿಮಾ ನೋಡ್ತೀನಿ ಅನ್ನುವವರಿಗೆ ಇದೇ ಸಾಕು.

ಶುಕ್ರವಾರ ನಿಯಮ ಮುರಿದಿದ್ದು ನಾನಲ್ಲ, ಅಮ್ಮ. "ನಾಕು ದಿನದಿಂದ ಒಂದು ಹಾಡಿಲ್ಲ, ಇವತ್ತು ರಾಜ್‌ಕುಮಾರ್ ಹಾಕು" ಅಂದರು. 'ಕಸ್ತೂರಿ ನಿವಾಸ', ದೊರೈ–ಭಗವಾನ್, 1971. 2014ರಲ್ಲಿ ಬಣ್ಣ ಹಾಕಿ ಮತ್ತೆ ಬಿಡುಗಡೆ ಮಾಡಿದ್ದರಲ್ಲ, ಅದು ಬೇಡ, ಕಪ್ಪು ಬಿಳುಪೇ ಇರಲಿ ಅಂದೆ. ಆ ಮನೆಯ ನೆರಳಿಗೆ ಬಣ್ಣ ಹೊಂದಲ್ಲ ಅನ್ನೋದು ನನ್ನ ಅಭಿಪ್ರಾಯ. 'ಆಡಿಸಿ ನೋಡು' ಹಾಡು ಎರಡು ಸಲ ಬರುತ್ತೆ. ಎಲ್ಲ ಚೆನ್ನಾಗಿದ್ದಾಗ ಒಂದು ಸಲ, ಎಲ್ಲ ಹೋದ ಮೇಲೆ ಇನ್ನೊಂದು ಸಲ. ರಾಗ ಅದೇ, ಪಿ.ಬಿ. ಶ್ರೀನಿವಾಸ್ ದನಿ ಅದೇ, ಕೇಳುವ ನಾವು ಮಾತ್ರ ಮೊದಲಿನ ಹಾಗಿರಲ್ಲ. ಬೆಂಕಿಪೊಟ್ಟಣದ ಕಾರ್ಖಾನೆ ಇಟ್ಟಿದ್ದ ಧಣಿ ಎಲ್ಲಿಂದ ಎಲ್ಲಿಗೆ ಬಂದ ಅನ್ನೋದನ್ನು ಆ ಎರಡನೇ ಸಲದ ಹಾಡು ಹೇಳಿದಷ್ಟು ಯಾವ ಸಂಭಾಷಣೆಯೂ ಹೇಳಲ್ಲ. ಹಾಡೇ ಬೇಡ ಅಂತ ಹೊರಟ ವಾರದಲ್ಲಿ ನನಗೆ ಜಾಸ್ತಿ ಕಾಡಿದ್ದು ಒಂದು ಹಾಡು, ಏನು ಮಾಡೋದು. ಹಾಗಾಗಿ ನನ್ನ ಜಗಳ ಹಾಡಿನ ಜೊತೆ ಅಲ್ಲ. ಕಥೆ ನಿಲ್ಲಿಸಿ, ಹೀರೋ ಹೀರೋಯಿನ್‌ನ ಯಾವುದೋ ದೇಶದ ಸೇತುವೆ ಮೇಲೆ ಕುಣಿಸಿ, ಮತ್ತೆ ಬೆಂಗಳೂರಿಗೆ ಇಳಿಸುತ್ತಾರಲ್ಲ, ಆ ಹಾಡಿನ ಜೊತೆ. ಪಾರಿವಾಳದ ದೃಶ್ಯ ಬರುವ ಮೊದಲೇ ಅಮ್ಮ ಕಣ್ಣೊರೆಸಿಕೊಳ್ಳೋಕೆ ಶುರು ಮಾಡಿದ್ದರು. ಮುಂದೇನು ಅಂತ ಗೊತ್ತಿದ್ದವರಿಗೆ ಅದು ಇನ್ನೂ ಕಷ್ಟ.

ಶನಿವಾರ ಏನೂ ನೋಡಲಿಲ್ಲ, ಮನೆಗೆ ನೆಂಟರು.

ಭಾನುವಾರ 'ಘಟಶ್ರಾದ್ಧ'. ಅನಂತಮೂರ್ತಿಯವರ ಕಥೆ, ಗಿರೀಶ್ ಕಾಸರವಳ್ಳಿಯವರ ಮೊದಲ ಚಿತ್ರ, 1977, ಆ ಮೊದಲ ಚಿತ್ರಕ್ಕೇ ಸ್ವರ್ಣಕಮಲ, ಅಂದರೆ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ. ಮಲೆನಾಡಿನ ಒಂದು ಪಾಠಶಾಲೆ, ಅಲ್ಲಿಗೆ ಬರುವ ಪುಟ್ಟ ಹುಡುಗ ನಾಣಿ, ಉಡುಪರ ವಿಧವೆ ಮಗಳು ಯಮುನಕ್ಕ. ನನಗೆ ಸಿಕ್ಕಿದ್ದು ಗೀರುಗೀರಾದ ಹಳೇ ಪ್ರಿಂಟು, ಕತ್ತಲ ದೃಶ್ಯಗಳಲ್ಲಿ ಯಾರು ಎಲ್ಲಿದ್ದಾರೆ ಅಂತಲೇ ಗೊತ್ತಾಗಲ್ಲ. ಆದರೂ ಯಮುನಕ್ಕ ಹುತ್ತದೊಳಗೆ ಕೈ ಇಡುವ ಹೊತ್ತಿಗೆ ನನ್ನ ಕೈ ತಾನಾಗೇ ಹಿಂದೆ ಸರಿಯಿತು. ಬಿ.ವಿ. ಕಾರಂತರ ಸಂಗೀತ ಇದೆ, ಸಂಗೀತ ಅಂತ ಮುಂದೆ ಬಂದು ನಿಲ್ಲುವುದಿಲ್ಲ. ಊರಿನವರು ಏನು ಮಾಡುತ್ತಾರೆ ಅನ್ನೋದನ್ನೆಲ್ಲ ಆ ಹುಡುಗನ ಎತ್ತರದಿಂದಲೇ ನೋಡಬೇಕು. ಅವನಿಗೆ ಅರ್ಧ ಅರ್ಥವಾಗುತ್ತೆ, ನಮಗೆ ಪೂರ್ತಿ, ಅದಕ್ಕೇ ಹಿಂಸೆ. ಅಮ್ಮ ಅರ್ಧಕ್ಕೆ ಎದ್ದು ಹೋದರು. ಇಷ್ಟವಾಗಲಿಲ್ಲವಾ ಅಂತ ಕೇಳಿದರೆ, "ಇಂಥದ್ದು ನಮ್ಮ ಅಜ್ಜಿ ಹೇಳಿದ್ದು ಕೇಳಿದೀನಿ ಕಣೋ, ಮತ್ತೆ ನೋಡ್ಬೇಕಾ" ಅಂದರು.

ಈ ಸಿನಿಮಾವನ್ನು ಪೂರ್ತಿ ಶುಚಿ ಮಾಡಿದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಗಿದೆ. ಅದು ನಮ್ಮ ಕಡೆ ದೊಡ್ಡ ತೆರೆಗೆ ಬಂದರೆ ಬಸ್ಸು ಹತ್ತಿ ಹೋಗಿ ನೋಡೋಕೆ ತಯಾರಿದ್ದೇನೆ.

ಮುಂದಿನ ವಾರ 'ಒಂದಾನೊಂದು ಕಾಲದಲ್ಲಿ'ಯಿಂದ ಶುರು. ಅದರಲ್ಲಿ ಹಾಡಿದೆ ಅಂತ ಗೊತ್ತು, ಇರಲಿ ಬಿಡಿ, ಶಂಕರ್ ನಾಗ್ ಕತ್ತಿ ಹಿಡಿದದ್ದನ್ನು ನೋಡಬೇಕು. ಹಾಡಿಲ್ಲದ ಕನ್ನಡ ಸಿನಿಮಾ ಬೇರೆ ಯಾವುದಾದರೂ ಗೊತ್ತಿದ್ದರೆ ತಿಳಿಸಿ. ನಗಿಸುವಂಥದ್ದಿದ್ದರೆ ಇನ್ನೂ ಒಳ್ಳೆಯದು, ಅಮ್ಮನೂ ಕೂರುತ್ತಾರೆ.