ಮೂರು ಮಿಲಿಲೀಟರ್ ಅಂತರ

14 ಮಾರ್ಚ್ 2024, ಗುರುವಾರ

ಬೆಳಿಗ್ಗೆ ತುರ್ತು ವಿಭಾಗಕ್ಕೆ ಮೆದುಳಿನ ರಕ್ತಸ್ರಾವದ ರೋಗಿಯೊಬ್ಬರನ್ನು ಕರೆತಂದರು. ಸಿಟಿ ಸ್ಕ್ಯಾನ್ ಚಿತ್ರದಲ್ಲಿ ಹೆಪ್ಪುಗಟ್ಟಿದ ರಕ್ತದ ಉದ್ದ, ಅಗಲ, ಎತ್ತರಗಳನ್ನು ಗುಣಿಸಿ ಎರಡರಿಂದ ಭಾಗಿಸಿದ ಕಿರಿಯ ವೈದ್ಯೆ 28.7 ಮಿಲಿಲೀಟರ್ ಎಂದರು. ಅದೇ ಚಿತ್ರವನ್ನು ನಾನು ಅಳೆದಾಗ 31.7 ಬಂತು. ಅಂಚು ಎಲ್ಲಿ ಮುಗಿಯುತ್ತದೆ ಎಂಬುದನ್ನು ಇಬ್ಬರೂ ಸ್ವಲ್ಪ ಬೇರೆಯಾಗಿ ಕಂಡಿದ್ದೆವು, ಅಷ್ಟೇ.

ಆದರೆ ಈ ಮೂರು ಮಿಲಿಲೀಟರ್ ದಿನವಿಡೀ ನನ್ನನ್ನು ಬಿಡಲಿಲ್ಲ. ಇಂಥ ರೋಗಿ 30 ದಿನಗಳೊಳಗೆ ತೀರಿಕೊಳ್ಳುವ ಸಾಧ್ಯತೆಯನ್ನು ಅಂದಾಜಿಸಲು ಹೆಂಫಿಲ್ ಮತ್ತು ಸಂಗಡಿಗರು 152 ರೋಗಿಗಳ ದಾಖಲೆಗಳಿಂದ ರೂಪಿಸಿ 2001ರಲ್ಲಿ ಪ್ರಕಟಿಸಿದ ಅಂಕಪದ್ಧತಿಯಲ್ಲಿ ಗಾತ್ರ 30 ಮಿಲಿಲೀಟರ್ ಅಥವಾ ಹೆಚ್ಚಿದ್ದರೆ ಒಂದು ಅಂಕ. ರಕ್ತವು ಮೆದುಳಿನ ಕುಹರಗಳಿಗೆ, ಅಂದರೆ ದ್ರವ ತುಂಬಿದ ಒಳಪೊಳ್ಳುಗಳಿಗೆ, ಇಳಿದಿದ್ದರೆ ಒಂದು, ಸ್ರಾವವು ಮೆದುಳುಕಾಂಡ ಅಥವಾ ಕಿರುಮೆದುಳಿನ ಭಾಗದಲ್ಲಿದ್ದರೆ ಒಂದು, ವಯಸ್ಸು 80 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಇನ್ನೊಂದು. ಪ್ರಜ್ಞೆಯ ಮಟ್ಟಕ್ಕೆ ಮಾತ್ರ ಎರಡು ಅಂಕಗಳವರೆಗೆ ತೂಕವಿದೆ: ಪ್ರಜ್ಞೆಯನ್ನು 3ರಿಂದ 15ರವರೆಗೆ ಅಳೆಯುವ, ಸಂಖ್ಯೆ ಇಳಿದಷ್ಟೂ ಪ್ರಜ್ಞೆ ಕುಂದಿದೆ ಎನ್ನುವ ಗ್ಲಾಸ್ಗೋ ಮಾಪಕದಲ್ಲಿ 5ರಿಂದ 12 ಇದ್ದರೆ ಒಂದು, 3 ಅಥವಾ 4 ಇದ್ದರೆ ಎರಡು. ಹಾಸಿಗೆಯ ಪಕ್ಕ ನಿಂತು ನೋಡಿದವರಿಗೆ ಇದು ಸಹಜವೆನಿಸುತ್ತದೆ. ತಲೆಬುರುಡೆಯೊಳಗಿನ ಒತ್ತಡ ಎಷ್ಟು ಏರಿದೆ ಎಂಬುದನ್ನು ರೋಗಿಯ ಕಣ್ಣು, ಮಾತು, ಕೈಕಾಲುಗಳ ಪ್ರತಿಕ್ರಿಯೆಯೇ ಮೊದಲು ಹೇಳುತ್ತದೆ.

ನಮ್ಮ ರೋಗಿಯ ಪ್ರಜ್ಞೆಯ ಮಟ್ಟ 9, ರಕ್ತ ಕುಹರಗಳಿಗೂ ಇಳಿದಿತ್ತು. ಕಿರಿಯ ವೈದ್ಯೆಯ ಅಳತೆಯಂತೆ ಒಟ್ಟು ಎರಡು ಅಂಕ, ನನ್ನದರಂತೆ ಮೂರು. ಆ ಮೂಲ ಅಧ್ಯಯನದಲ್ಲಿ ಎರಡು ಅಂಕದವರಲ್ಲಿ 30 ದಿನಗಳೊಳಗೆ ತೀರಿಕೊಂಡವರು ಶೇ. 26, ಮೂರು ಅಂಕದವರಲ್ಲಿ ಶೇ. 72. ರೋಗಿಯ ಮಗ "ಉಳೀತಾರಾ ಡಾಕ್ಟರೇ?" ಎಂದು ಕೇಳಿದಾಗ ಇವೆರಡರಲ್ಲಿ ಯಾವ ಸಂಖ್ಯೆಯನ್ನೂ ನಾನು ಹೇಳಲಿಲ್ಲ. ಸ್ಥಿತಿ ಗಂಭೀರವಾಗಿದೆ, ಮೊದಲ 24 ಗಂಟೆಗಳಲ್ಲಿ ರಕ್ತಸ್ರಾವ ಇನ್ನೂ ಹಿಗ್ಗಬಹುದು, ಅದನ್ನು ತಡೆಯುವುದೇ ಈಗಿನ ಕೆಲಸ ಎಂದೆ.

ಈ ಹಿಗ್ಗುವಿಕೆ ಅಂಕಪದ್ಧತಿಯಲ್ಲಿ ಇಲ್ಲ, ಆದರೂ ಸಾವಿನತ್ತ ಒಯ್ಯುವ ದೊಡ್ಡ ಕಾರಣಗಳಲ್ಲಿ ಅದೊಂದು. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರಲ್ಲಿ ಅದರ ಭಯ ಹೆಚ್ಚು. ವಯಸ್ಸನ್ನು ಬದಲಿಸಲಾಗದು, ರಕ್ತದೊತ್ತಡವನ್ನು ಬೇಗ ಇಳಿಸಬಹುದು, ಮಾತ್ರೆಯ ಪರಿಣಾಮವನ್ನು ಹಿಂತಿರುಗಿಸಬಹುದು, ಸಕ್ಕರೆಯನ್ನೂ ಜ್ವರವನ್ನೂ ಹತೋಟಿಯಲ್ಲಿಡಬಹುದು.

ನನ್ನನ್ನು ಹೆಚ್ಚು ಕಾಡುವುದು ಬೇರೊಂದು. ಅಂಕ ಹೆಚ್ಚಿದೆಯೆಂದು ಮೊದಲ ದಿನವೇ ಕೈಚೆಲ್ಲಿದರೆ ರೋಗಿ ಸಾಯುತ್ತಾರೆ, ಆ ಸಾವು ಅಂಕವೇ ಸರಿಯೆಂಬುದಕ್ಕೆ ಸಾಕ್ಷಿಯಾಗಿ ದಾಖಲಾಗುತ್ತದೆ. ರೋಗಿ ಮೊದಲೇ ಬೇರೆ ಇಚ್ಛೆ ತಿಳಿಸಿರದಿದ್ದರೆ, ಚಿಕಿತ್ಸೆ ಮಿತಗೊಳಿಸುವ ಹೊಸ ನಿರ್ಧಾರವನ್ನು ದಾಖಲಾತಿಯ ಎರಡನೆಯ ಪೂರ್ಣ ದಿನದವರೆಗಾದರೂ ಮುಂದೂಡಬೇಕೆಂಬ ಅಮೆರಿಕದ ಮಾರ್ಗಸೂಚಿಯ ಸಲಹೆ ಇದೇ ಕಾರಣಕ್ಕೆ ನನಗೆ ಅಮೂಲ್ಯವೆನಿಸುತ್ತದೆ.

ಕೇಸ್ ಶೀಟ್‌ನಲ್ಲಿ ಎರಡೂ ಅಳತೆಗಳನ್ನು ಬರೆದು, ಪೂರ್ಣ ಚಿಕಿತ್ಸೆ ಮುಂದುವರಿಸಲು ಸೂಚಿಸಿದ್ದೇನೆ. ರಾತ್ರಿ ಒಂಬತ್ತಕ್ಕೆ ನೋಡಿದಾಗ ಪ್ರಜ್ಞೆಯ ಮಟ್ಟ 9ರಲ್ಲೇ ಇತ್ತು. ಬೆಳಿಗ್ಗೆ ಆರಕ್ಕೆ ಎರಡನೆಯ ಸ್ಕ್ಯಾನ್.