ರೋಮ್‌ನಲ್ಲಿ ಕೀಟ್ಸ್, ಷೆಲ್ಲಿ: ಮನೆ, ಸಮಾಧಿ ಎರಡನ್ನೂ ಒಂದೇ ದಿನದಲ್ಲಿ ನೋಡುವವರಿಗೆ

ಇಂಗ್ಲಿಷ್ ಕವಿ ಕೀಟ್ಸ್ ಕೊನೆಯುಸಿರೆಳೆದ ಮನೆ ಸ್ಪ್ಯಾನಿಷ್ ಮೆಟ್ಟಿಲುಗಳಿಗೆ ಅಂಟಿಕೊಂಡೇ ಇದೆ. ಕೆಳಗೆ ನಿಂತು ನೋಡಿದರೆ ಬಲಗಡೆ, ಪಿಯಾಜಾ ದಿ ಸ್ಪಾನ್ಯ 26. ಸಮಾಧಿ ಮಾತ್ರ ದೂರ, ಪ್ರಾಚೀನ ರೋಮನ್ ಪಿರಮಿಡ್ ಪಕ್ಕದ ಸ್ಮಶಾನದಲ್ಲಿ. ಭಾನುವಾರ ಹೋಗಬೇಡಿ: ಮನೆಗೆ ರಜೆ, ಸ್ಮಶಾನವೂ ಮಧ್ಯಾಹ್ನದ ಹೊತ್ತಿಗೇ ಮುಚ್ಚುತ್ತದೆ. ಬೇರೆ ದಿನ ಬೆಳಿಗ್ಗೆ ಮೊದಲು ಮನೆ ನೋಡಿ, ಏಕೆಂದರೆ 1 ಗಂಟೆಗೆ ಊಟದ ಬಿಡುವೆಂದು ಬಾಗಿಲು ಹಾಕುತ್ತಾರೆ. ಹೊರಗಿನ ಮೆಟ್ಟಿಲುಗಳ ಮೇಲೆ ಕೂರಬೇಡಿ, ದಂಡ ಬೀಳುತ್ತದೆ.

ಕೋಣೆ ಚಿಕ್ಕದು. ಅಲ್ಲಿರುವ ಮಂಚ ಕೀಟ್ಸನದಲ್ಲ. ಕ್ಷಯ ಹರಡೀತೆಂದು ಅವನ ಪೀಠೋಪಕರಣಗಳನ್ನೆಲ್ಲ ಸುಟ್ಟುಹಾಕಿದ್ದರು. ಹಾಗಾಗಿ ಮಂಚದ ಫೋಟೋ ತೆಗೆದು ಹೊರಡುವ ಬದಲು ತಲೆಯೆತ್ತಿ ಚಾವಣಿ ನೋಡಿ. ಆ ಮರದ ಹೂಗಳೇ 1821ರ ಫೆಬ್ರವರಿ 23ರವರೆಗೆ ಅವನ ಕಣ್ಣೆದುರಿಗಿದ್ದವು. ಆಗ ಅವನಿಗೆ 25 ವರ್ಷ.

ಹೊರಡುವ ಮುಂಚೆ ಅವನ ಪದ್ಯ 'ಬ್ರೈಟ್ ಸ್ಟಾರ್' ಓದಿಕೊಂಡು ಹೋದರೆ ಒಳ್ಳೆಯದು, ಹದಿನಾಲ್ಕೇ ಸಾಲು. ಇಟಲಿಗೆ ಬರುವ ಹಡಗಿನಲ್ಲಿ ಅದನ್ನು ತನ್ನ ಷೇಕ್ಸ್‌ಪಿಯರ್ ಪುಸ್ತಕದ ಖಾಲಿ ಹಾಳೆಯಲ್ಲಿ ಬರೆದಿಟ್ಟ. ನಲ್ಲೆಯ ಎದೆಗೆ ತಲೆಯಿಟ್ಟು ಸದಾ ಹೀಗೇ ಬದುಕಿರಬೇಕು, ಆಗದಿದ್ದರೆ ಹಾಗೇ ಮೈಮರೆತು ಸಾಯಬೇಕು ಎನ್ನುವಲ್ಲಿಗೆ ಪದ್ಯ ಮುಗಿಯುತ್ತದೆ. ರೋಮ್‌ಗೆ ಬಂದಮೇಲೆ ಆ ನಲ್ಲೆ ಫ್ಯಾನಿ ಬ್ರಾನ್‌ಳ ಪತ್ರಗಳನ್ನು ಒಡೆಯುವ ಧೈರ್ಯವೇ ಅವನಿಗೆ ಬರಲಿಲ್ಲ. ಒಡೆಯದ ಪತ್ರಗಳನ್ನು ಅವನ ಜೊತೆಗೇ ಹೂತರು.

ಸ್ಪಾನ್ಯದಿಂದ ಮೆಟ್ರೊ ಎ ಹಿಡಿದು ಮೂರನೆಯ ನಿಲ್ದಾಣ ಟರ್ಮಿನಿಯಲ್ಲಿ ಇಳಿಯಿರಿ. ಅಲ್ಲಿಂದ ಬಿ ಮಾರ್ಗ, ಲೌರೆಂತೀನಾ ಕಡೆಗೆ, ನಾಲ್ಕನೆಯದು ಪಿರಾಮಿದೆ. ಟರ್ಮಿನಿಯಲ್ಲಿ ಗೇಟು ದಾಟಿ ಹೊರಬಂದರೆ ಮತ್ತೆ ಟಿಕೆಟ್ ಬೇಕು. ಜೇಬುಗಳ್ಳರ ಕಾಟವೂ ಅಲ್ಲಿ ಹೆಚ್ಚು. ಸ್ಮಶಾನದ ಬಾಗಿಲು ವಿಯಾ ಕಾಯೊ ಚೆಸ್ತಿಯೊದಲ್ಲಿದೆ, ಪಿರಮಿಡ್ಡಿನ ಹಿಂಬದಿಗೆ. ಪ್ರವೇಶದಲ್ಲಿ ಕಾಣಿಕೆ ಹಾಕಲು ಚಿಲ್ಲರೆ ಇಟ್ಟುಕೊಂಡಿರಿ.

ಒಳಗೆ ಹೊಕ್ಕವರು ಕೀಟ್ಸ್ ಹೆಸರು ಹುಡುಕುತ್ತಾ ಸುಸ್ತಾಗುತ್ತಾರೆ. ಕಲ್ಲಿನ ಮೇಲೆ ಅವನ ಹೆಸರೇ ಇಲ್ಲ! ಎಡಕ್ಕೆ ತಿರುಗಿ ಹಳೆಯ ಭಾಗದ ಮೂಲೆಗೆ ಹೋಗಿ, ಜೋಡಿ ಕಲ್ಲು ನೋಡಿ: ತಂತಿ ಹರಿದ ಲೈರ್ ವಾದ್ಯ ಕೆತ್ತಿದ್ದು ಕೀಟ್ಸನದು, ಚಿತ್ರಕಾರನ ಬಣ್ಣದ ಹಲಗೆಯದು ಅವನ ಗೆಳೆಯ ಸೆವರ್ನ್‌ನದು. 'ನೀರಿನಲ್ಲಿ ಹೆಸರು ಬರೆದವನೊಬ್ಬ ಇಲ್ಲಿ ಮಲಗಿದ್ದಾನೆ' ಎಂಬಷ್ಟೇ ಕೀಟ್ಸ್ ಕೇಳಿದ್ದ ಮಾತು. ಅದರ ಮೇಲಿರುವ, ಶತ್ರುಗಳನ್ನು ದೂರುವ ಸಾಲುಗಳು ಗೆಳೆಯರ ಸಿಟ್ಟು, ಅವಿಲ್ಲದಿದ್ದರೇ ಚೆನ್ನಾಗಿತ್ತು. ಕೀಟ್ಸ್‌ಗಾಗಿ ಕವಿ ಷೆಲ್ಲಿ ಬರೆದ ಶೋಕಗೀತೆ 'ಅಡೊನೇಯ್ಸ್' ಕೂಡ ವಿಮರ್ಶಕರೇ ಅವನನ್ನು ಕೊಂದರೆಂಬ ಕಥೆಯನ್ನು ಬೆಳೆಸಿತು. ಕೊಂದದ್ದು ಕ್ಷಯ, 1818ರಲ್ಲಿ ತಮ್ಮ ಟಾಮ್‌ನನ್ನೂ ಒಯ್ದ ಕಾಯಿಲೆ.

ಆ ಶೋಕಗೀತೆ ಬರೆದ ಮರುವರ್ಷವೇ ಷೆಲ್ಲಿ ಸಮುದ್ರದಲ್ಲಿ ಮುಳುಗಿದ. ಅವನ ಚಿತಾಭಸ್ಮ ಇನ್ನೊಂದು ಭಾಗದಲ್ಲಿ, ಏರು ಹತ್ತಿದರೆ ಹಳೆಯ ಕೋಟೆಗೋಡೆಯ ಬುಡದಲ್ಲಿದೆ. ದಾರಿ ಒರಟು, ಹಿಡಿತವಿರುವ ಚಪ್ಪಲಿ ಬೇಕು. ಸಂಜೆ ಮುಚ್ಚುವ ಅರ್ಧ ಗಂಟೆ ಮೊದಲೇ ಪ್ರವೇಶ ನಿಲ್ಲಿಸುತ್ತಾರೆ, 3ರೊಳಗೆ ತಲುಪಿದರೆ ನಿರಾಳ.

ಫ್ಯಾನಿಯ ಗುರುತೇನಾದರೂ ನೋಡಬೇಕೆಂದರೆ ರೋಮ್ ಸಾಲದು. ಕೀಟ್ಸ್ ಕೊಟ್ಟ ನಿಶ್ಚಿತಾರ್ಥದ ಉಂಗುರ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನ ಕೀಟ್ಸ್ ಹೌಸ್‌ನಲ್ಲಿದೆ. ಅದು ವಾರವಿಡೀ ತೆರೆದಿರುವುದಿಲ್ಲ. ದಿನ ನೋಡಿಕೊಂಡೇ ಹೊರಡಿ.