ಯುದ್ಧದ ಮಗುವನ್ನು ದತ್ತು ತಗೋಬಹುದಾ?

ಯುದ್ಧದಲ್ಲಿ ಸಿಕ್ಕಿಬಿದ್ದ ಮಕ್ಕಳ ಬಗ್ಗೆ ನಾನು ಬರೆದಾಗಲೆಲ್ಲ ಇದೇ ಪ್ರಶ್ನೆ ಬರುತ್ತದೆ. ಮೊದಲೆಲ್ಲ ಸಮಾಧಾನವಾಗಿ ವಿವರಿಸುತ್ತಿದ್ದೆ. ಈಗ ನೇರವಾಗಿ ಹೇಳುತ್ತೇನೆ: ಬೇಡ. ಯುದ್ಧ ನಡೆಯುವಾಗಂತೂ ಬೇಡವೇ ಬೇಡ.

ಒಮ್ಮೆ ನನ್ನ ಮಾತು ಮುಗಿದ ಮೇಲೆ ಒಬ್ಬರು ಹತ್ತಿರ ಬಂದು, "ಎರಡು ವರ್ಷದೊಳಗಿನ ಹೆಣ್ಣು ಮಗು ಇದ್ದರೆ ಕೊಡಿಸಿ, ಮೇಡಂ" ಎಂದರು. ಅವರ ಕಣ್ಣಲ್ಲಿ ನೀರಿತ್ತು, ಕೆಟ್ಟ ಮನಸ್ಸೇನಲ್ಲ. ಆದರೂ ಆ 'ಕೊಡಿಸಿ' ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಮಗು ಅನಾಥ ಅಂತ ನಿಮಗೆ ಹೇಳಿದ್ದು ಯಾರು? ಫೋಟೊದಲ್ಲಿ ಒಂಟಿಯಾಗಿ ಅಳುತ್ತಿತ್ತು, ಅಷ್ಟೇ ಅಲ್ವಾ? ಬಾಂಬ್ ಬಿದ್ದಾಗ ಜನ ದಿಕ್ಕಾಪಾಲಾಗಿ ಓಡುತ್ತಾರೆ. ಹಿಡಿದ ಕೈ ತಪ್ಪುತ್ತದೆ. ಅಮ್ಮ ಒಂದು ಶಿಬಿರ ಸೇರುತ್ತಾಳೆ, ಮಗು ಇನ್ನೊಂದು.

2007ರಲ್ಲಿ ಚಾಡ್ ದೇಶದಲ್ಲಿ ಫ್ರಾನ್ಸಿನ ಸಂಸ್ಥೆಯೊಂದು 103 ಮಕ್ಕಳನ್ನು ವಿಮಾನ ಹತ್ತಿಸಲು ಹೊರಟಿತ್ತು. ಎಲ್ಲರೂ ಪಕ್ಕದ ಸುಡಾನ್ ದೇಶದ ಡಾರ್ಫರ್ ಯುದ್ಧದ ಅನಾಥರು ಅಂತ ಹೇಳಿಕೊಂಡಿತ್ತು. ಗಾಯವೇ ಇಲ್ಲದ ಮಕ್ಕಳಿಗೂ ಬ್ಯಾಂಡೇಜ್ ಸುತ್ತಿದ್ದರು. ವಿಚಾರಿಸಿ ನೋಡಿದರೆ ಹೆಚ್ಚಿನವರು ಚಾಡ್‌ನವರೇ, ಮನೆಯವರು ಬದುಕಿದ್ದ ಮಕ್ಕಳು. ಆ ವಿಮಾನ ಹಾರಿದ್ದರೆ? ನೆನೆಸಿಕೊಂಡರೆ ಹೊಟ್ಟೆ ಕಿವುಚುತ್ತದೆ.

ಒಬ್ಬರಾದರೂ ನನ್ನನ್ನು "ಆ ಮಗುವನ್ನು ಯಾರು ಹುಡುಕುತ್ತಿದ್ದಾರೆ?" ಅಂತ ಕೇಳಬಾರದೇ? ಆಗ ದಿನವಿಡೀ ಹೇಳುತ್ತೇನೆ. ಮಾತು ಬರುವ ಮಗುವಾದರೆ ಹುಡುಕುವವರು ಊರು, ಮನೆ, ಅಣ್ಣ ತಮ್ಮಂದಿರ ಬಗ್ಗೆ ಕೇಳಿ ಬರೆದುಕೊಳ್ಳುತ್ತಾರೆ. ತೀರಾ ಚಿಕ್ಕದಾದರೆ ಸಿಕ್ಕ ಜಾಗ, ತೊಟ್ಟ ಬಟ್ಟೆ, ಜೊತೆಗೆ ಬಂದವರು ಹೇಳಿದ್ದು, ಇಷ್ಟೇ ಸುಳಿವು. ರುವಾಂಡಾದಲ್ಲಿ 1994ರ ನರಮೇಧದ ನಂತರ ಇಂಥ ಮಕ್ಕಳ ಫೋಟೊಗಳನ್ನು ಶಿಬಿರಗಳಲ್ಲಿ ತೋರಿಸಿ ಮನೆಯವರನ್ನು ಹುಡುಕಿದರು. ರೆಡ್ ಕ್ರಾಸ್, ಯುನಿಸೆಫ್‌ನವರು ಮಾಡುವ ಈ ಕೆಲಸಕ್ಕೆ ವರ್ಷಗಳೇ ಬೇಕು. ಅಲ್ಲಿಯವರೆಗೆ ಅಜ್ಜಿಯೋ ಅತ್ತೆಯೋ ಪಕ್ಕದ ಮನೆಯವರೋ ಮಗುವನ್ನು ನೋಡಿಕೊಂಡರೆ ಅದಕ್ಕೆ ತನ್ನ ಭಾಷೆ ಮರೆಯುವುದಿಲ್ಲ. ಹಣ ಕೊಡುವುದಾದರೆ ಹುಡುಕುವವರಿಗೆ ಕೊಡಿ, ಸಾಕುತ್ತಿರುವ ಆ ಮನೆಗಳಿಗೆ ಕೊಡಿ.

2022ರಲ್ಲಿ ಉಕ್ರೇನಿನ ತಾಯಿಯೊಬ್ಬಳು ತನ್ನ ಪುಟ್ಟ ಮಗಳ ಬೆನ್ನ ಮೇಲೆ ಪೆನ್ನಿನಿಂದ ಹೆಸರು, ಫೋನ್ ನಂಬರ್ ಬರೆದಿದ್ದಳು. ತಾನು ಸತ್ತರೂ ಮಗಳು ಯಾರವಳು ಅಂತ ಗೊತ್ತಾಗಲಿ ಅಂತ. ನಿಮಗೆ ಒಂಟಿ ಮಗುವಿನ ಫೋಟೊ ಕಂಡಾಗ ಮೊದಲು ಆ ನಂಬರ್ ನೆನಪಾಗಲಿ. ಆಮೇಲೆ ನನ್ನ ಹತ್ತಿರ ಬನ್ನಿ, ಮಾತಾಡೋಣ.